ಎಂಟನೇ ಸ್ಟೇಜಿನ ಅರಮನೆ

ಹಿಟ್ಟಿನ ಗಿರಣಿ ತರುತ್ತೇನೆಂದು ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋದ ಗಂಡ, ಸಂಜೆ ಅಂತರಿಕ್ಷದಲ್ಲಿ ಯುದ್ಧ ಮಾಡುವ ಡಬ್ಬಾ ಒಂದನ್ನು ಹೇರಿಕೊಂಡು ಮರಳಿದರೆ ಹೆಂಡತಿಯಾದವಳು ಏನನ್ನಬೇಕು? ರತ್ನಮಾಲಾ ಏನೆಂದಳೆಂಬುದನ್ನು ಇಲ್ಲಿ ಪೂರ್ತಿ ಹೇಳುವ ಹಾಗಿಲ್ಲ. ಓದುವವರಲ್ಲಿ ಮರ್ಯಾದಸ್ಥರೂ ಇರುತ್ತಾರೆ. ಹೇಳಬಹುದಾದಷ್ಟನ್ನು ಮಾತ್ರ ಹೇಳೋಣ.

ಮೊದಲು ಅಪರಾಧಿಯ ಪರಿಚಯವಾಗಲಿ. ಹೆಸರು ಮಚ್ಚೇಂದ್ರ, ವಯಸ್ಸು ನಲವತ್ತೊಂಬತ್ತು, ಬಸವಕಲ್ಯಾಣದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಶಾಲೆ ಬಿಟ್ಟು ಹೋಗುವ ಮಕ್ಕಳಿಗೆ ಗುಣನಡತೆಯ ಪ್ರಮಾಣಪತ್ರ ಬರೆದುಕೊಡುವುದು ಅವನ ಕೆಲಸ. ಇಪ್ಪತ್ತೈದು ವರ್ಷ ಅದನ್ನೇ ಬರೆದೂ ಬರೆದೂ, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಗುಣದೋಷ ಬರೆಯುವ ಚಟ ಅವನಿಗೆ ಹತ್ತಿಬಿಟ್ಟಿತ್ತು. ಮನೆಗೆ ಹೊಸ ಕುಕ್ಕರ್ ಬಂದರೆ ಹಳೇ ರಿಜಿಸ್ಟರಿನ ಹಿಂದಿನ ಹಾಳೆ ತೆಗೆದು ನಡುವೆ ಗೆರೆ ಎಳೆಯುತ್ತಿದ್ದ. ಎಡಗಡೆ ಗುಣ, ಬಲಗಡೆ ದೋಷ. (ಒಮ್ಮೆ ಹೆಂಡತಿಯ ಗುಣದೋಷ ಬರೆಯಲೂ ಕೂತಿದ್ದ. ಎಡಗಡೆ ಒಂದು ಸಾಲು ಮುಗಿಯುವಷ್ಟರಲ್ಲಿ ಬೆನ್ನ ಹಿಂದೆ ಬಳೆ ಸದ್ದಾಯಿತು. ಬಲಗಡೆ ಇವತ್ತಿಗೂ ಖಾಲಿ ಇದೆ.)

ಅವನಿಗೆ ಇನ್ನೊಂದು ಅಭ್ಯಾಸವಿತ್ತು. ಸಿಟ್ಟು ಬಂದರೆ ಒದೆಯುತ್ತಿದ್ದ. ಗಾಬರಿಯಾಗಬೇಡಿ, ಮನುಷ್ಯರನ್ನಲ್ಲ. ಚಾಲೂ ಆಗದ ಸ್ಕೂಟರು, ತೆರೆಯದ ಕಪಾಟು, ಇಂಥವನ್ನು. ಆದರೆ ಕಾಲು ತಾಗಿದ್ದನ್ನು ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂದು ಅವನವ್ವ ಅಂಬುಬಾಯಿ ಚಿಕ್ಕಂದಿನಲ್ಲೇ ಬೆನ್ನಿಗೆ ಗುದ್ದಿ ಕಲಿಸಿದ್ದಳು. ಹಾಗಾಗಿ ಬೆಳಿಗ್ಗೆ ಸ್ಕೂಟರು ಚಾಲೂ ಮಾಡಲು ಅವನಿಗೆ ಆರು ಒದೆತ, ಆರು ನಮಸ್ಕಾರ ಬೇಕಾಗುತ್ತಿದ್ದವು. ಗಲ್ಲಿಗೆ ಹೊಸದಾಗಿ ಬಂದವರು ಇದನ್ನು ವ್ಯಾಯಾಮವೆಂದು ತಿಳಿದಿದ್ದರು.

ಇಂಥ ಸಾಧಾರಣ ಮನುಷ್ಯನ ಬಾಳಿನಲ್ಲಿ ಒಂದೇ ಒಂದು ಮಹಿಮೆ ಇತ್ತು. ಆ ಮಹಿಮೆಯ ಮೇಲೆಯೇ ಅವನ ಸಂಸಾರ ನಿಂತಿದೆಯೆಂದು ಅವನು ನಂಬಿದ್ದ.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಮಚ್ಚೇಂದ್ರನಿಗೆ ಕನ್ಯೆ ನೋಡುತ್ತಿದ್ದರು. ಮೊದಲು ಹುಡಗಿ ಎಂಬ ಊರಿಗೆ ಹುಡುಗಿ ನೋಡಲು ಹೋಗಿ (ಊರಿನ ಹೆಸರೇ ಹುಡಗಿ, ಅದಕ್ಕೆ ಯಾರೇನು ಮಾಡಲಿಕ್ಕಾಗುತ್ತದೆ) ಅಲ್ಲಿಂದ ಬೇಡವೆನ್ನಿಸಿಕೊಂಡು, ಮುಂದಿನ ವಾರ ಹುಮನಾಬಾದಿಗೆ ಬಂದಿದ್ದರು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರತ್ನಮಾಲಾಳ ತವರುಮನೆ. ಒಗ್ಗರಣೆ ಅವಲಕ್ಕಿ ಆಯಿತು, ಚಹಾ ಆಯಿತು. ಹಿರಿಯರ ಮಾತು ಮುಗಿದು ಎಲ್ಲರೂ ಗೋಡೆ ನೋಡತೊಡಗಿದರು. ಯಾರೋ, "ಹುಡುಗ ಏನರ ಮಾತಾಡ್ಲಿ," ಎಂದರು.

ಹುಡುಗ ಗೋಡೆ ಬಿಟ್ಟು ಕಿಟಕಿ ನೋಡಿದ. ಕಿಟಕಿಯಾಚೆ, ಪಕ್ಕದಲ್ಲೇ, ಬಂದೇನವಾಜ್ ಚಾಚಾನ ಹಳೇ ವಿಡಿಯೋ ಗೇಮಿನ ಅಂಗಡಿ ಕಂಡಿತು. ಅಂಗಡಿಗೆ ಆಗಲೇ ಬೀಗ ಬಿದ್ದಿತ್ತು. ಪಿಯುಸಿ ಓದಲು ಹುಮನಾಬಾದಿಗೆ ಬರುತ್ತಿದ್ದ ಎರಡು ವರ್ಷ ಮಚ್ಚೇಂದ್ರ ದಿನಾ ಅಲ್ಲಿಗೆ ಹೋಗುತ್ತಿದ್ದ. ಅಲ್ಲೊಂದು ಇಮಾನದಾಟ, ಅಂದರೆ ವಿಮಾನದ ಆಟ, ಇತ್ತು. ಆಕಾಶವನ್ನು ಮೇಲಿನಿಂದ ನೋಡಿದ ಹಾಗೆ ಪರದೆ, ಕೆಳಗೆ ನಮ್ಮ ಪುಟ್ಟ ಇಮಾನ, ಮೇಲಿನಿಂದ ಸಾಲುಸಾಲಾಗಿ ಇಳಿದು ಬರುವ ವೈರಿಗಳು. ಹ್ಯಾಂಡಲ್ ಹಿಡಿದು ಸರಿಯುವುದು, ಬಟನ್ ಒತ್ತಿ ಗುಂಡು ಹಾರಿಸುವುದು. ಒಟ್ಟು ಎಂಟು ಸ್ಟೇಜು.

"ಕಾಲೇಜಿನ್ಯಾಗಿದ್ದಾಗ ನಾ ಇದೇ ಅಂಗಡ್ಯಾಗ ಚಾಂಪಿಯನ್ ಇದ್ದೆರಿ," ಎಂದ ಮಚ್ಚೇಂದ್ರ. "ಎಂಟೂ ಸ್ಟೇಜ್ ಮುಗಿಸಿದಾವ ಇಡೀ ತಾಲೂಕಿನ್ಯಾಗ ನಾ ಒಬ್ಬನೇ."

ಅಲ್ಲಿಯತನಕ ತಲೆ ತಗ್ಗಿಸಿ ಕೂತಿದ್ದ ರತ್ನಮಾಲಾ ಮೊದಲ ಸಲ ಮುಖ ಎತ್ತಿದಳು. ಅವತ್ತಿಡೀ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಎಂಟನೇದು ಮುಗಿದ ಮ್ಯಾಲ ಏನ್ ಬರ್ತದ್ರಿ?"

ಇಲ್ಲೊಂದು ಗುಟ್ಟು ಹೇಳಬೇಕು. ಮಚ್ಚೇಂದ್ರ ತನ್ನ ಜನ್ಮದಲ್ಲಿ ಮೂರನೇ ಸ್ಟೇಜು ದಾಟಿದವನಲ್ಲ. ನಾಲ್ಕನೆಯದರಲ್ಲಿ ಏನಿದೆಯೆಂದೂ ಅವನಿಗೆ ಗೊತ್ತಿರಲಿಲ್ಲ. ಆದರೆ ಬಾಯಿ ಅವನ ಅಪ್ಪಣೆಗೆ ಕಾಯಲಿಲ್ಲ.

"ಆಕಾಶದಾಗ ಬಂಗಾರದ ಅರಮನಿ ಬರ್ತದ್ರಿ. ಪಟಾಕಿ ಹಾರ್ತಾವ. ಬ್ಯಾಂಡ್ ಬಾರಸ್ತಾರ. ಒಬ್ಬಾಕಿ ರಾಣಿ ಹೊರಗ ಬಂದು ನಮ್ಮ ಇಮಾನಕ್ಕ ಹಾರ ಹಾಕ್ತಾಳ."

ರತ್ನಮಾಲಾ ಗಕ್ಕನೆ ತಲೆ ತಗ್ಗಿಸಿದಳು. ಸೆರಗು ಬಾಯಿಗೆ ಹೋಯಿತು, ಭುಜ ಅಲುಗಿದವು. ಹುಡುಗಿ ನಾಚಿದಳೆಂದು ಹಿರಿಯರು ಸಂತೋಷಪಟ್ಟರು. ನಾಲ್ಕೇ ದಿನದಲ್ಲಿ ಒಪ್ಪಿಗೆ ಬಂತು. ಬಂಗಾರದ ಅರಮನೆಯೇ ತನಗೆ ಹೆಂಡತಿಯನ್ನು ಕೊಡಿಸಿತೆಂದು ಮಚ್ಚೇಂದ್ರ ತಿಳಿದ. ಅಂದಿನಿಂದ ಬೀಗರು ಬರಲಿ, ನೆಂಟರು ಬರಲಿ, ಅರಮನೆಯ ಕಥೆ ಆಗಲೇಬೇಕು. ವರ್ಷಕ್ಕೊಂದು ಸೇರ್ಪಡೆಯೂ ಆಗುತ್ತಿತ್ತು. ಒಂದು ವರ್ಷ ಅರಮನೆಗೆ ಕಾರಂಜಿ ಬಂತು, ಇನ್ನೊಂದು ವರ್ಷ ಬಾಗಿಲಿಗೆ ಎರಡು ಆನೆ ಬಂದವು. ಮಗಳು ಸುಮೇಧಾ ಅದನ್ನು ಕೇಳುತ್ತಲೇ ಬೆಳೆದು ಡಿಗ್ರಿ ಎರಡನೇ ವರ್ಷಕ್ಕೆ ಬಂದಿದ್ದಳು.

ಈಗ ಗಿರಣಿಯ ದಿನಕ್ಕೆ ಬರೋಣ. ಹುಮನಾಬಾದಿನ ಅಂಗಡಿಯಲ್ಲಿ ಮನೆಬಳಕೆಯ ಗಿರಣಿ ನೋಡಿ ಬರುವಾಗ ಮಚ್ಚೇಂದ್ರ ಟಿವಿ ರಿಪೇರಿ ಮಾಡುವ ಜಲಾಲುದ್ದೀನನ ಕಡೆ ಹೊಕ್ಕ. ಜಲಾಲುದ್ದೀನ್ ಬೇರೆ ಯಾರೂ ಅಲ್ಲ, ಬಂದೇನವಾಜ್ ಚಾಚಾನ ಮಗ. ರತ್ನಮಾಲಾಳ ಪಕ್ಕದ ಮನೆಯಲ್ಲೇ ಬೆಳೆದವನು, ಅವಳಿಗೆ ಆಪಾ, ಅಂದರೆ ಅಕ್ಕ, ಅನ್ನುವವನು, ಮಚ್ಚೇಂದ್ರನನ್ನು ಆ ಓಣಿಯ ಅಳಿಯನೆಂದು 'ದುಲ್ಹಾಭಾಯ್' ಅಂತಲೇ ಕರೆಯುವವನು. ಅವನ ಅಂಗಡಿಯ ಮೂಲೆಯಲ್ಲಿ ಆ ಹಳೇ ಇಮಾನದಾಟದ ಡಬ್ಬಾ ನಿಂತಿತ್ತು, ಮಿಣಮಿಣ ಉರಿಯುತ್ತಿತ್ತು.

"ಅಬ್ಬಾಜಾನ್ ಇಟ್ಟಿದ್ದು, ಖಾಲಿ ಕೂತಾಗ ರಿಪೇರಿ ಮಾಡಿದೆ," ಎಂದ ಜಲಾಲುದ್ದೀನ್. "ಜಾಗಾ ಹಿಡಿಯಾಕತ್ತದ. ಬೇಕಿದ್ರ ಹಂಗೇ ಒಯ್ರಿ ದುಲ್ಹಾಭಾಯ್. ಆದ್ರ ಮೊದಲ ಆಪಾಗ ಒಂದು ಮಾತು ಕೇಳ್ರಿ."

"ಆಕಿಗೇನು ತಿಳೀತದೋ ಇದು? ಇದು ಗಂಡಸರ ಕೆಲಸ."

ಜಲಾಲುದ್ದೀನ್ ಏನೋ ಹೇಳಲು ಬಾಯಿ ತೆರೆದ. ಮಚ್ಚೇಂದ್ರ ಆಗಲೇ ಸಾಮಾನು ಹೇರುವ ಛೋಟಾ ಹಾಥಿ ಗಾಡಿ ಕರೆಯಲು ಓಡಿದ್ದ. ಗಿರಣಿಯನ್ನು ಮುಂದಿನ ವಾರ ತಂದರಾಯಿತೆಂದು ಅಲ್ಲೇ ಠರಾವು ಪಾಸಾಯಿತು.

ಬಸವಕಲ್ಯಾಣದ ಮನೆಯಲ್ಲಿ ರತ್ನಮಾಲಾ ಗಿರಣಿಗೆಂದು ಪಡಸಾಲೆಯ ಮೂಲೆ ಗುಡಿಸಿ ಒರೆಸಿ ಇಟ್ಟಿದ್ದಳು. ಅಂಬುಬಾಯಿ ಮೊದಲ ಹಿಟ್ಟಿಗೆಂದು ಮೊರದಲ್ಲಿ ಜೋಳ ಹಸನು ಮಾಡಿಕೊಂಡು ಬಾಗಿಲಲ್ಲೇ ಕೂತಿದ್ದಳು. ಗಾಡಿ ಬಂತು, ತಾಡಪತ್ರಿ ಸುತ್ತಿದ ಆಳೆತ್ತರದ ವಸ್ತು ಇಳಿಯಿತು. ಮಚ್ಚೇಂದ್ರ ಅದನ್ನು ಮೂಲೆಯಲ್ಲಿ ನಿಲ್ಲಿಸಿ, ಪುಣ್ಯಪುರುಷರ ಪುತ್ಥಳಿ ಅನಾವರಣ ಮಾಡುವವನಂತೆ ತಾಡಪತ್ರಿ ಎಳೆದ.

ಅಂಬುಬಾಯಿ ಡಬ್ಬಾದ ಸುತ್ತ ಒಂದು ಸುತ್ತು ಬಂದಳು. ರೂಪಾಯಿ ಹಾಕುವ ಸೀಳು ಕಂಡಿತು. ಮೊರದಿಂದ ಒಂದು ಕಾಳು ತೆಗೆದು ಅದರೊಳಗೆ ಹಾಕಿ ಕಿವಿಗೊಟ್ಟು ಕೇಳಿದಳು.

"ಇದರ ಬಾಯಿ ಭಾಳ ಸಣ್ಣದದಲ್ಲೋ ಮಚ್ಯಾ. ಒಂದೊಂದೇ ಕಾಳು ಹಾಕಿದ್ರ ಸೇರು ಜೋಳ ಬೀಸೋದು ಯಾವಾಗ?"

"ಅವ್ವಾ, ಇದು ಗಿರಣಿ ಅಲ್ಲ. ಇದು ಇಮಾನದಾಟ."

ಇದಾದ ಮೇಲೆ ರತ್ನಮಾಲಾ ಆಡಿದ ಮಾತುಗಳೇ ನಾವು ಮೊದಲೇ ಹೇಳದೆ ಬಿಟ್ಟವು. ಒಂದು ಮಾತ್ರ ಸೋಜಿಗ. ಬಯ್ಯುತ್ತ ಬಯ್ಯುತ್ತ ಅವಳ ಕಣ್ಣು ಡಬ್ಬಾದ ಕೆಳಭಾಗಕ್ಕೆ ಹೋಯಿತು. ಅಲ್ಲಿ, ಮೊಣಕಾಲಿನ ಕೆಳಗೆ, ಹಲಗೆ ತಗ್ಗಾಗಿತ್ತು. ಅದನ್ನು ನೋಡಿ ಅವಳು ಒಂದು ಗಳಿಗೆ ಮಾತು ನಿಲ್ಲಿಸಿದಳು. ಇನ್ನೂ ದೊಡ್ಡ ಬೈಗುಳ ಹುಡುಕುತ್ತಿದ್ದಾಳೆಂದು ಮಚ್ಚೇಂದ್ರ ಹೆದರಿದ.

ಅಷ್ಟರಲ್ಲಿ ಸುಮೇಧಾ ಚಪ್ಪಾಳೆ ತಟ್ಟಿದಳು. "ಪಪ್ಪಾ, ಇದೇ ಏನ್ರಿ ಆ ಆಟ? ಹಂಗಾದ್ರ ಅರಮನಿ ತೋರಸ್ರಿ! ಕಾರಂಜಿ, ಆನಿ ಎಲ್ಲಾ ನೋಡಬೇಕು ನಾ."

ಮಚ್ಚೇಂದ್ರ ತಾಡಪತ್ರಿಯನ್ನು ಮತ್ತೆ ಡಬ್ಬಾಕ್ಕೆ ಹೊದಿಸಲು ನೋಡಿದ. ಡಬ್ಬಾ ತಂದ ಹುಮ್ಮಸ್ಸಿನಲ್ಲಿ ಅವನಿಗೆ ಇದೊಂದು ಹೊಳೆದೇ ಇರಲಿಲ್ಲ. ತನ್ನ ಸುಳ್ಳಿಗೆ ಇದ್ದ ಒಂದೇ ಒಂದು ಸಾಕ್ಷಿಯನ್ನು ಅವನೇ ಗಾಡಿ ಮಾಡಿಕೊಂಡು ಮನೆಗೆ ತಂದಿದ್ದ.

"ಬರೋಬರಿ," ಎಂದಳು ರತ್ನಮಾಲಾ, ಸೊಂಟಕ್ಕೆ ಕೈಯಿಟ್ಟು. "ಬರೋ ಐತವಾರದ ತನಕ ಟೈಮ್ ಕೊಡ್ತೇನಿ. ಅರಮನಿ ತೋರಿಸಿದ್ರಿ ಅಂದ್ರ ಈ ಡಬ್ಬಾ ಇಲ್ಲೇ ಇರ್ಲಿ, ಕೈಯಾಗ ಬೀಸೋಕ ನಾ ತಯಾರ್. ತೋರಿಸಲಿಲ್ಲ ಅಂದ್ರ ಐತವಾರ ಸಂಜಿಗಿ ಡಬ್ಬಾ ಹೊರಗ, ಗಿರಣಿ ಒಳಗ. ಮತ್ತ ಇನ್ನೊಮ್ಮೆ ಈ ಮನ್ಯಾಗ ಅರಮನಿ ಸುದ್ದಿ ತೆಗೀಬಾರ್ದು."

ಡಬ್ಬಾ ಹೋದರೆ ಹೋಗಲಿ. ಅರಮನೆ ಹೋದರೆ ಮಚ್ಚೇಂದ್ರನ ಬಳಿ ಉಳಿಯುವುದೇನು? ಸ್ಕೂಟರಿಗೆ ಒದೆಯುವ ಒಬ್ಬ ಗುಮಾಸ್ತ.

ಮರುದಿನದಿಂದ ಶಾಲೆ ಬಿಟ್ಟ ಕೂಡಲೇ ಓಡಿ ಬಂದು ಅಂತರಿಕ್ಷ ಸೇನಾನಿ ರಣರಂಗಕ್ಕೆ ಇಳಿಯುತ್ತಿದ್ದ. ಮೊದಲ ಸ್ಟೇಜು ನೀರು ಕುಡಿದಷ್ಟು ಸಲೀಸು. ಎರಡನೆಯದರಲ್ಲಿ ಬೆವರು. ಮೂರನೆಯದರಲ್ಲಿ ಏಡಿಯಂಥ ಒಂದು ದೊಡ್ಡ ವೈರಿ ಬಂದು ಎರಡೂ ಕಡೆ ಗುಂಡು ಸುರಿಸುತ್ತಿತ್ತು, ಸೇನಾನಿ ವೀರಮರಣ ಹೊಂದುತ್ತಿದ್ದ. ಮೂವತ್ತು ವರ್ಷದ ಹಿಂದೆಯೂ ಅದೇ ಏಡಿ, ಅದೇ ಜಾಗ. ಸತ್ತ ಮೇಲೆ ರಿಜಿಸ್ಟರ್ ತೆಗೆದು ಗುಣದೋಷ ಬರೆಯುತ್ತಿದ್ದ.

ಗುಣದ ಕಡೆ ಮೊದಮೊದಲು ಧಾರಾಳವಾಗಿಯೇ ಬರೆದ. ಕಥೆ ಗಿಥೆ ಹೇಳಿ ತಲೆ ತಿನ್ನುವುದಿಲ್ಲ, ನಿಂತ ತಕ್ಷಣ ಯುದ್ಧ ಶುರು. ಮೊಬೈಲಿನ ಆಟಗಳಂತೆ ನಡುನಡುವೆ ಜಾಹೀರಾತು ತೋರಿಸಿ ಭಿಕ್ಷೆ ಬೇಡುವುದಿಲ್ಲ. ಒಂದು ಹ್ಯಾಂಡಲ್, ಎರಡು ಬಟನ್, ಕಲಿಯಲು ಮಾಸ್ತರು ಬೇಡ. ಮೂರು ಜೀವ ಕೊಡುತ್ತದೆ (ದೇವರೂ ಇಷ್ಟು ಉದಾರಿಯಲ್ಲ). ಮೋಸ ಮಾಡುವುದಿಲ್ಲ, ವೈರಿಗಳು ಪ್ರತಿ ಸಲವೂ ಅದೇ ಸಾಲಿನಲ್ಲಿ, ಅದೇ ಕಡೆಯಿಂದ ಬರುತ್ತಾರೆ.

ಸೋಲು ಹೆಚ್ಚಿದಂತೆ ದೋಷದ ಕಡೆ ಉದ್ದವಾಯಿತು. ಒಂದು: ವೈರಿಯ ಗುಂಡೂ ಆಕಾಶದ ನಕ್ಷತ್ರವೂ ಒಂದೇ ಬಣ್ಣ, ಯಾವುದು ಕೊಲ್ಲುತ್ತದೆ ಯಾವುದು ಮಿನುಗುತ್ತದೆ ತಿಳಿಯುವುದಿಲ್ಲ. ಎರಡು: ಬಟನ್ ಒತ್ತಿ ಹಿಡಿದರೆ ಗುಂಡು ಹಾರುವುದಿಲ್ಲ, ಒಂದೊಂದು ಗುಂಡಿಗೂ ಒಂದೊಂದು ಸಲ ಬಡಿಯಬೇಕು, ಬೆರಳಿಗೆ ಬಾವು ಬರುತ್ತದೆ. ಮೂರು: ಕಷ್ಟಪಟ್ಟು ಗಳಿಸಿದ ದೊಡ್ಡ ತೋಪು ಒಂದು ಸಲ ಸತ್ತರೆ ಹೋಗುತ್ತದೆ, ಮತ್ತೆ ಪಟಾಕಿಯಂಥ ಬಂದೂಕಿನಿಂದ ಶುರು. ನಾಲ್ಕು: ಹ್ಯಾಂಡಲ್ ಎಡಕ್ಕೆ ವಾಲುತ್ತದೆ. ಐದು: ಒಂದೇ ರಾಗ ಹಗಲೆಲ್ಲ ಕುಯ್ಯೆನ್ನುತ್ತದೆ, ಓಣಿಯ ನಾಯಿಗಳು ದನಿಗೂಡಿಸುತ್ತವೆ. ಆರು: ಇದಕ್ಕೆ ನೆನಪಿನ ಶಕ್ತಿಯಿಲ್ಲ. ಕರೆಂಟು ಹೋದರೆ ಯಾರು ಎಷ್ಟು ಗಳಿಸಿದರೆಂಬುದೆಲ್ಲ ಅಳಿಸಿಹೋಗುತ್ತದೆ.

ಆರನೆಯದನ್ನು ಬರೆದು ಸ್ವಲ್ಪ ಯೋಚಿಸಿ, ಅದನ್ನು ಹೊಡೆದುಹಾಕಿ ಗುಣದ ಕಡೆ ಬರೆದ. ಆ ಮರೆವು ಇಲ್ಲದಿದ್ದರೆ ಅವನ ಮದುವೆ ಆಗುತ್ತಿತ್ತೇ?

ಅಂಬುಬಾಯಿ ಹಿಂದೆ ಕೂತು ನೋಡುತ್ತಿದ್ದಳು. ಮೋರಖಂಡಿಯ ಹೊಲದಲ್ಲಿ ಜೋಳ ಹಾಲು ತುಂಬುವ ಕಾಲಕ್ಕೆ ಅಟ್ಟ ಹತ್ತಿ, ಕವಣೆ ಬೀಸಿ ಹಕ್ಕಿ ಓಡಿಸಿ ದೊಡ್ಡವಳಾದ ಹೆಂಗಸು. ಮಗ ಸಾಯುವುದನ್ನು ಮೂರು ದಿನ ನೋಡಿ ನಾಲ್ಕನೇ ದಿನ ತಡೆಯಲಾರದೆ ಬಾಯಿಬಿಟ್ಟಳು.

"ಗಿಣಿ ಹಿಂಡು ಬಂದಂಗ ಬರಾಕತ್ತಾವ. ನೀ ಯಾಕ ಅವುಗಳ ಹಿಂದ ಓಡ್ತಿ? ಎಲ್ಲಿ ಇಳೀತಾವ ಅಲ್ಲಿ ಮೊದಲ ಹೋಗಿ ನಿಂದ್ರು."

"ಅವ್ವಾ, ಇದು ಅಂತರಿಕ್ಷ. ಜೋಳದ ಹೊಲ ಅಲ್ಲ."

"ಹೊಲದಾಗ ನಾ ಒಂದು ದಿನಾನೂ ಸತ್ತಿಲ್ಲಪಾ," ಎಂದು ಅಂಬುಬಾಯಿ ಎಲೆಅಡಿಕೆ ಬಾಯಿಗೆ ಹಾಕಿಕೊಂಡಳು.

ಒಳಗಿನಿಂದ ರತ್ನಮಾಲಾಳ ದನಿ ಬಂತು. "ಕೆಂಪು ಬಟನ್ ಬಾಂಬ್ ಅದಲ್ರಿ, ಅದನ್ನ ಯಾಕ ಒತ್ತವಲ್ರಿ?"

"ಅದು ಮೂರೇ ಅವ. ಕಷ್ಟಕಾಲಕ್ಕ ಬೇಕಾಗ್ತದಂತ ಇಟ್ಟೇನಿ."

"ಸತ್ತ ಮ್ಯಾಲ ಇಟ್ಕೊಂಡು ಏನ್ ಮಾಡ್ತೀರಿ?"

ಹೆಂಡತಿಗೆ ಕೆಂಪು ಬಟನ್ನು ಬಾಂಬಿನದೆಂದು ಹೇಗೆ ಗೊತ್ತಾಯಿತೆಂದು ಕೇಳುವ ಬುದ್ಧಿ ಮಚ್ಚೇಂದ್ರನಿಗೆ ಆಗ ಬರಲಿಲ್ಲ. ಏಡಿ ಬಂದಿತ್ತು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅವನು ಬಸ್ಸು ಹಿಡಿದು ಹುಮನಾಬಾದಿಗೆ ಓಡಿದ. ಜಲಾಲುದ್ದೀನನ ಕೈ ಹಿಡಿದು, "ಹ್ಯಾಂಗರ ಮಾಡಿ ಅದನ್ನ ಕೆಡಿಸಿ ಕೊಡೋ. ಇಜ್ಜತ್ ಪ್ರಶ್ನೆ," ಎಂದು ಗೋಗರೆದ.

"ಇಪ್ಪತ್ತು ವರ್ಷ ಆತು ದುಲ್ಹಾಭಾಯ್, ನನಗ ರಿಪೇರಿ ಬರ್ತದ. ಕೆಡಿಸೋದು ಬರಂಗಿಲ್ಲ."

"ಹೋಗ್ಲಿ, ಎಂಟನೇ ಸ್ಟೇಜ್ ಆದ ಮ್ಯಾಲ ಏನ್ ಬರ್ತದ ಅದನ್ನರ ಹೇಳು."

"ನಾ ಆವಾಗ ಸಣ್ಣಾವ. ಐದನೇದು ದಾಟಿಲ್ಲ." ಜಲಾಲುದ್ದೀನ್ ಸ್ಕ್ರೂಡ್ರೈವರಿನಿಂದ ತಲೆ ಕೆರೆದುಕೊಂಡು ನಕ್ಕ. "ಆಪಾಗ ಕೇಳ್ರಿ ಅಂದೆನಲ್ಲ."

ಹೆಂಡತಿಯ ಮುಂದೆ ತಪ್ಪೊಪ್ಪಿಕೋ ಎಂದು ಈ ಮನುಷ್ಯ ಉಪದೇಶ ಮಾಡುತ್ತಿದ್ದಾನೆಂದು ಮಚ್ಚೇಂದ್ರ ಸಿಟ್ಟಾದ. ಅಂಗಡಿಯ ಮೆಟ್ಟಿಲು ಒದ್ದ, ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡ, ಬಸ್ಸು ಹತ್ತಿದ.

ಐತವಾರ ಬಂತು. ಉಳಿದ ಐತವಾರಗಳಲ್ಲಿ ಹತ್ತು ಗಂಟೆಗೆ ಹೋಗಿ ನಾಲ್ಕಕ್ಕೆ ಬರುತ್ತಿದ್ದ ಕರೆಂಟು ಅವತ್ತು ಮನೆಯಳಿಯನಂತೆ ಅಲುಗದೆ ಕೂತಿತ್ತು. ಮಧ್ಯಾಹ್ನ ಎರಡಕ್ಕೆ ಮನೆಮಂದಿಯೆಲ್ಲ ಡಬ್ಬಾದ ಮುಂದೆ ನೆರೆದರು. ಸುಮೇಧಾ ಮೊಬೈಲು ಎತ್ತಿ ಹಿಡಿದಳು, ಅರಮನೆ ಬಂದ ಕೂಡಲೇ ಫೋಟೋ ತೆಗೆಯಲು. ರತ್ನಮಾಲಾ ಅಡಿಗೆಮನೆಯ ಬಾಗಿಲಲ್ಲಿ ರೊಟ್ಟಿ ಬಡಿಯುವುದನ್ನು ನಡುವೆಯೇ ಬಿಟ್ಟು ಹಿಟ್ಟುಗೈಯಲ್ಲೇ ಬಂದು ನಿಂತಳು.

ಮೊದಲ ಜೀವ ಮೂರನೇ ಸ್ಟೇಜಿನಲ್ಲಿ ಹೋಯಿತು. ಎರಡನೆಯದೂ ಅಲ್ಲೇ. ಮೂರನೆಯದಕ್ಕೆ ಮಚ್ಚೇಂದ್ರ ಅವ್ವನ ಮಾತು ನೆನಪಾಗಿ ಗಿಳಿ ಇಳಿಯುವ ಕಡೆ ಹೋಗಿ ನಿಂತ, ಏಡಿಗೆ ಹತ್ತು ಗುಂಡು ಹಾಕಿದ, ಗೆದ್ದೆ ಅನ್ನುವಷ್ಟರಲ್ಲಿ ಒಂದು ನಕ್ಷತ್ರ ಬಂದು ತಾಗಿತು. ಅದು ನಕ್ಷತ್ರವಾಗಿರಲಿಲ್ಲ. ಮೂರೂ ಬಾಂಬು ಭದ್ರವಾಗಿ ಉಳಿದಿದ್ದವು.

"ಪಪ್ಪಾ, ಅರಮನಿ?" ಎಂದಳು ಮಗಳು.

ಮಚ್ಚೇಂದ್ರ ರಿಜಿಸ್ಟರ್ ತೆರೆದು, ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡ. "ನೋಡ್ರಿ, ನಾ ಎಲ್ಲಾ ಬರದಿಟ್ಟೇನಿ. ಈ ಮಷೀನಿನ್ಯಾಗ ಭಾಳ ದೋಷ ಅವ. ಬಟನ್ ಬಿಗಿ, ಹ್ಯಾಂಡಲ್ ಸೊಟ್ಟ, ಗುಂಡು ಯಾವುದು ಚುಕ್ಕಿ ಯಾವುದು ತಿಳಿಯಂಗಿಲ್ಲ. ಆವಾಗಿನ ಮಷೀನ್ ಬ್ಯಾರೆ ಇತ್ತು. ಇದರ ಮ್ಯಾಲ ಮೂರನೇ ಸ್ಟೇಜ್ ದಾಟೋದು ಹುಟ್ಟಿದ ಮನುಷ್ಯನ ಕೈಲಿ ಆಗಂಗಿಲ್ಲ."

"ಜರಾ ಸರೀರಿ," ಎಂದಳು ರತ್ನಮಾಲಾ. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎಡಕ್ಕೆ ವಾಲುವ ಹ್ಯಾಂಡಲನ್ನು ಮೊದಲೇ ಬಲಕ್ಕೆ ಒತ್ತಿ ಹಿಡಿದಳು.

ಆಮೇಲೆ ನಡೆದದ್ದನ್ನು ಮಚ್ಚೇಂದ್ರ ಬಾಯಿ ತೆರೆದುಕೊಂಡು ನೋಡಿದ. ದಿನಕ್ಕೆ ಇಪ್ಪತ್ತು ಜೋಳದ ರೊಟ್ಟಿ ಬಡಿಯುವ ಕೈ ಅದು. ಪಟಪಟಪಟ ಎಂದು ಬಟನ್ನಿನ ಮೇಲೆ ಬಿದ್ದರೆ ಗುಂಡುಗಳು ದಾರ ಕಟ್ಟಿದಂತೆ ಸಾಲಾಗಿ ಹೋಗುತ್ತಿದ್ದವು. ಅವಳು ವೈರಿಗಳ ಹಿಂದೆ ಓಡಲಿಲ್ಲ. ಅವು ಬರುವ ಮೊದಲೇ ಅಲ್ಲಿ ನಿಂತಿರುತ್ತಿದ್ದಳು. "ಹಾಂಗ! ಹಾಂಗ ನೋಡು!" ಎಂದು ಅಂಬುಬಾಯಿ ಕೂತಲ್ಲೇ ಕವಣೆ ಬೀಸಿದಳು. ಮೂರನೇ ಸ್ಟೇಜಿನ ಏಡಿ ಬಂತು. ರತ್ನಮಾಲಾ ಒಂದು ಬಾಂಬು ಹಾಕಿ, ಬದನೆಕಾಯಿ ಹೆಚ್ಚಿದಷ್ಟು ಸುಲಭವಾಗಿ ಅದನ್ನು ಮುಗಿಸಿದಳು. ನಾಲ್ಕು. ಐದು. ಮಚ್ಚೇಂದ್ರ ಜನ್ಮದಲ್ಲಿ ಕಾಣದ ಆಕಾಶಗಳು ಒಂದರ ಹಿಂದೊಂದು ಇಳಿದು ಬಂದವು, ಒಂದು ಹಸಿರು, ಒಂದು ಕೆಂಪು. ಅವನ ರಿಜಿಸ್ಟರಿನ ದೋಷಗಳು ಒಂದೊಂದಾಗಿ ಉದುರಿದವು. ಆರನೇ ಸ್ಟೇಜಿನ ಹೊತ್ತಿಗೆ ಆಟದ ದೋಷವೆಂದು ಹೇಳಲು ಅದರ ರಾಗವೊಂದೇ ಉಳಿದಿತ್ತು, ಅದೂ ಈಗ ಕೇಳಲು ಅಷ್ಟೇನೂ ಕೆಟ್ಟದಾಗಿರಲಿಲ್ಲ.

ಎಂಟನೆಯದರ ಕೊನೆಗೆ ಪರದೆ ತುಂಬುವಷ್ಟು ದೊಡ್ಡ ವೈರಿ ಸಿಡಿದು ಚೂರಾಯಿತು. ಪರದೆ ಕಪ್ಪಾಯಿತು. ಮಚ್ಚೇಂದ್ರ ಪರದೆಯ ಹತ್ತಿರ ಮುಖ ತಂದ. ನಂಬುತ್ತೀರೋ ಇಲ್ಲವೋ, ಇಪ್ಪತ್ತೆರಡು ವರ್ಷ ಹೇಳಿ ಹೇಳಿ ಅವನಿಗೇ ಅರ್ಧ ನಂಬಿಕೆ ಬಂದಿತ್ತು. ಎಲ್ಲಾದರೂ ಅರಮನೆ ಬಂದುಬಿಟ್ಟರೆ? ಒಂದು ಸಣ್ಣ ಗೋಪುರ ಬಂದರೂ ಸಾಕಿತ್ತು.

ಪರದೆಯ ಮೇಲೆ 'ಸ್ಟೇಜ್ 1' ಎಂದು ಬಂತು. ಮೊದಲಿನ ಆಕಾಶ, ಮೊದಲಿನ ವೈರಿಗಳು, ಮೊದಲಿನ ಸಾಲು.

"ಇಷ್ಟೇ," ಎಂದಳು ರತ್ನಮಾಲಾ, ಬಟನ್ ಬಿಟ್ಟು ಬೆರಳು ನೆಟಿಗೆ ಮುರಿಯುತ್ತ. "ಮುಗೀತಂದ್ರ ಮತ್ತ ಒಂದನೇದ್ರಿ. ಅರಮನಿ ಇಲ್ಲ, ರಾಣಿ ಇಲ್ಲ. ಆವಾಗೂ ಇರಲಿಲ್ಲ."

"ಆವಾಗ ಅಂದ್ರ?" ಮಚ್ಚೇಂದ್ರನ ದನಿ ಕೀರಲಾಯಿತು.

"ಬಂದೇನವಾಜ್ ಚಾಚಾ ಮಧ್ಯಾನ್ನ ನಮಾಜು, ಊಟ ಅಂತ ಹೋದ್ರ ದುಕಾನ ನೋಡ್ಕೋ ಅಂತ ನನಗ ಕೂಡಸ್ತಿದ್ರು. ಎರಡು ತಾಸು. ರೂಪಾಯಿ ಇಲ್ದ ಚಾಲೂ ಮಾಡೋ ಒಳಗಿನ ಸ್ವಿಚ್ಚೂ ತೋರ್ಸಿದ್ರು. ಒಂಬತ್ತನೇ ಕ್ಲಾಸಿನ್ಯಾಗ ನಾ ಎಂಟೂ ಮುಗಿಸಿದ್ದೆ. ಪರದೆ ಮ್ಯಾಲ ಹೆಸರು ಬರದ ಐದು ಮಿನಿಟಿಗೆ ಕರೆಂಟ್ ಹೋತು, ಎಲ್ಲಾ ಹೋತು."

ಇಷ್ಟು ಹೇಳುವುದಕ್ಕೂ ಬಸವಕಲ್ಯಾಣದ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಡಬ್ಬಾ ಕುಯ್ ಎಂದು ಕಣ್ಣು ಮುಚ್ಚಿತು. ಎರಡನೇ ಸಲದ ದಾಖಲೆಯೂ ಅಳಿಸಿಹೋಯಿತು. ರತ್ನಮಾಲಾ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಮಚ್ಚೇಂದ್ರ ಮೆಲ್ಲಗೆ ಸ್ಟೂಲಿನ ಮೇಲೆ ಕೂತ. "ಹಂಗಾದ್ರ ಹುಡುಗಿ ನೋಡಾಕ ಬಂದ ದಿನಾನೇ ನಿನಗ ಗೊತ್ತಿತ್ತು, ನಾ ಸುಳ್ಳು ಹೇಳಾಕತ್ತೇನಿ ಅಂತ."

"ಗೊತ್ತಿದ್ದೇ ಕೇಳಿದೆ."

"ಇಪ್ಪತ್ತೆರಡು ವರ್ಷ ಯಾಕ ಸುಮ್ನಿದ್ದಿ?"

"ಎಷ್ಟು ಖುಷೀಲೆ ಹೇಳ್ತಿದ್ರಿ! ವರ್ಷಕ್ಕೊಂದು ಹೊಸಾದು ಸೇರಸ್ತಿದ್ರಿ. ಆನಿ ಬಂದ ವರ್ಷ ನನಗ ಭಾಳ ಚಲೋ ಅನಿಸಿತ್ತು."

ಸುಮೇಧಾ ಗೋಡೆಗೆ ಮುಖ ಮಾಡಿ ನಗುತ್ತಿದ್ದಳು. ಅಂಬುಬಾಯಿ ನಗುವುದನ್ನು ಮುಚ್ಚಿಡಲಿಲ್ಲ. ಮಚ್ಚೇಂದ್ರನಿಗೆ ಮಾತ್ರ ಒಂದು ಪ್ರಶ್ನೆ ಉಳಿದಿತ್ತು. ಅರಮನೆ ಕೊಡಿಸದಿದ್ದರೆ ಈ ಹೆಂಡತಿಯನ್ನು ತನಗೆ ಕೊಡಿಸಿದ್ದು ಯಾವುದು?

"ಸುಳ್ಳ ಅಂತ ಗೊತ್ತಿದ್ದೂ ಹೂಂ ಅಂತ ಯಾಕ ಅಂದಿ ಮತ್ತ?"

ರತ್ನಮಾಲಾ ಬಗ್ಗಿ, ಡಬ್ಬಾದ ಕೆಳಗಿನ ತಗ್ಗಿನ ಮೇಲೆ ಬೆರಳಿಟ್ಟಳು. "ಇದು ಯಾರು ಮಾಡಿದ್ದಂತ ಗೊತ್ತದೇನು? ನೀವು. ನಮ್ಮನಿ ಕಿಟಕಿಯಿಂದ ದಿನಾ ಕಾಣ್ತಿತ್ತು. ಮೂರನೇ ಸ್ಟೇಜಿನ್ಯಾಗ ಸಾಯೋದು, ದಢಾರನ ಒದಿಯೋದು, ಹೊರಗ ಹತ್ತು ಹೆಜ್ಜಿ ಹೋಗೋದು. ಮತ್ತ ತಿರುಗಿ ಬಂದು, ಯಾರೂ ನೋಡಾಕತ್ತಿಲ್ಲ ಅಂತ ನೋಡ್ಕೊಂಡು, ಮುಟ್ಟಿ ಕಣ್ಣಿಗೊತ್ಕೊಂಡು ಹೋಗ್ತಿದ್ರಿ. ಎರಡು ವರ್ಷ ಒಂದು ದಿನಾನೂ ತಪ್ಪಿಸಿಲ್ಲ. ಅವಲಕ್ಕಿ ತಿನ್ನಾಕ ನೀವು ನಮ್ಮನಿಗಿ ಬಂದು ಕೂತಾಗ ಗುರ್ತು ಹಿಡಿದೆ. ಕಟ್ಟಿಗಿ ಡಬ್ಬಾಕ್ಕ ಒದ್ದು ಕೈ ಮುಗಿಯೋ ಮನುಷ್ಯಾ ಹೆಂಡತಿ ಮ್ಯಾಲ ಕಾಲು ಎತ್ತಂಗಿಲ್ಲ ಅಂತ ಹೂಂ ಅಂದೆ. ಅರಮನಿ ಕಟ್ಕೊಂಡು ನಾ ಏನ್ ಮಾಡ್ಲಿ?"

ಮಚ್ಚೇಂದ್ರನಿಗೆ ಅಳು ಬಂದಂತಾಯಿತು. ಗುಮಾಸ್ತನಾದವನು ಅಳಬಾರದೆಂದು ರಿಜಿಸ್ಟರಿನಲ್ಲಿ ಮುಖ ಮುಚ್ಚಿಕೊಂಡ. ಅಂಬುಬಾಯಿ ಮಾತ್ರ ಎದೆಯುಬ್ಬಿಸಿ, "ಕಲಿಸಿದಾಕಿ ನಾ," ಎಂದಳು.

ತೀರ್ಪು ಸಂಜೆಯೊಳಗೆ ಬಂತು. ಅರಮನೆ ಬರದಿದ್ದರೂ ಡಬ್ಬಾ ಪಡಸಾಲೆಯಲ್ಲೇ ಇರಲಿ, ಮಧ್ಯಾಹ್ನ ಕೆಲಸ ಮುಗಿದ ಮೇಲೆ ಎರಡು ತಾಸು ರತ್ನಮಾಲಾಳಿಗೆ ಬೇಕು. ನಾಳೆ ಬರುವ ಗಿರಣಿಗೆ ಮಚ್ಚೇಂದ್ರ ಗುಣದೋಷ ಬರೆಯುವ ಮೇಜಿನ ಜಾಗ ಕೊಡುವುದು. ಮೇಜು ಹಿತ್ತಲಿನ ನಲ್ಲಿಯ ಪಕ್ಕಕ್ಕೆ ಹೋಗುವುದು. ಮೇಲ್ಮನವಿಗೆ ಅವಕಾಶವಿಲ್ಲ.

ಆರು ಗಂಟೆಗೆ ಕರೆಂಟು ಬಂತು. "ಬರ್ರಿ, ಮೂರನೇದು ಹ್ಯಾಂಗ ದಾಟೋದು ಹೇಳಿಕೊಡ್ತೇನಿ," ಎಂದು ರತ್ನಮಾಲಾ ಕರೆದಳು. ಮಚ್ಚೇಂದ್ರ ಹ್ಯಾಂಡಲ್ ಹಿಡಿದ. ಅವಳು ಎಡ ಅಂದಾಗ ಎಡಕ್ಕೆ, ಬಲ ಅಂದಾಗ ಬಲಕ್ಕೆ ಹೋದ (ಇದು ಅವನಿಗೆ ಮೊದಲಿನಿಂದ ರೂಢಿ). ಏಡಿ ಬಂತು. "ಬಾಂಬ್! ಬಾಂಬ್ ಹಾಕ್ರಿ!" ಎಂದು ಮೂವರೂ ಕೂಗಿದರು. ಒಂದು ಉಳಿಸಿಕೊಂಡರೆ ಒಳ್ಳೆಯದೇನೋ ಎಂದು ಅವನು ಯೋಚಿಸುವಷ್ಟರಲ್ಲಿ ಇಮಾನ ಸಿಡಿದುಹೋಯಿತು.

ಅವನ ಬಲಗಾಲು ತಾನಾಗಿ ಮೇಲೆದ್ದಿತು. ಹಿಂತಿರುಗಿ ನೋಡಿದ. ಮೂವರು ಹೆಂಗಸರು ಕಣ್ಣು ಮಿಟುಕಿಸದೆ ಅವನ ಕಾಲನ್ನೇ ನೋಡುತ್ತಿದ್ದರು. ಕಾಲನ್ನು ಮೆಲ್ಲಗೆ ನೆಲಕ್ಕೆ ಇಳಿಸಿ, ಬಗ್ಗಿ, ಹಲಗೆಯ ತಗ್ಗನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

"ಒದೀಲಾರದೇ ಕೈ ಮುಗದ್ಯಲ್ಲೋ ಮಚ್ಯಾ?" ಎಂದಳು ಅಂಬುಬಾಯಿ.

"ಇರ್ಲಿ ಅವ್ವಾ," ಎಂದ ಮಚ್ಚೇಂದ್ರ, ಮತ್ತೆ ಹ್ಯಾಂಡಲ್ ಹಿಡಿಯುತ್ತ. "ಇನ್ನೂ ಎರಡು ಲೈಫ್ ಅವ."